ಆ) ಉದ್ಭವಿಸುವುದಿಲ್ಲ

ವಿಧಾನಸಭೆಯ ಅಧಿವೇಶನ ಹತ್ತಿರ ಬಂತೆಂದು ತಿಳಿಯಲು ನಾನು ಪೇಪರ್ ನೋಡಬೇಕಾಗಿಲ್ಲ. ನನ್ನ ಫೋನು ಬಡಿದುಕೊಳ್ಳತೊಡಗುತ್ತದೆ. ಜಮಖಂಡಿಯಿಂದ ಒಬ್ಬರು, ಮುಧೋಳದಿಂದ ಒಬ್ಬರು, ಬನಹಟ್ಟಿಯಿಂದ ಇನ್ನೊಬ್ಬರು. ಎಲ್ಲರೂ ಹೊಸದಾಗಿ ನೌಕರಿಗೆ ಸೇರಿದವರು, ಎಲ್ಲರದೂ ಒಂದೇ ಮಾತು: “ಸರ್, ನೀರಿಂದೊಂದು ಎಲ್‌ಎಕ್ಯು ಬಂದೈತ್ರಿ. ನಿಮ್ಮ ಕಡೆ ಹಳೇ ಉತ್ತರ ಇದ್ರ ವಾಟ್ಸ್ಯಾಪ್ ಮಾಡ್ರಿ.”

ಎಲ್‌ಎಕ್ಯು ಅಂದರೆ ಶಾಸಕರು ಸದನದಲ್ಲಿ ಕೇಳುವ ಪ್ರಶ್ನೆಗೆ ಕಚೇರಿಯಲ್ಲಿ ನಾವು ಕರೆಯುವ ಹೆಸರು. ಸದನದಲ್ಲಿ ಉತ್ತರ ಓದುವವರು ಮಂತ್ರಿಗಳು. ಆದರೆ ಆ ಉತ್ತರ ಹುಟ್ಟುವುದು ಬೆಂಗಳೂರಿನಲ್ಲಿ ಅಲ್ಲ, ತಾಲ್ಲೂಕಿನ ಯಾವುದೋ ಕಚೇರಿಯ ಮೂಲೆಯ ಟೇಬಲ್ಲಿನ ಮೇಲೆ. ಆ ಮೂಲೆಯ ಟೇಬಲ್ಲಿನವನು ನಾನು. ಊರು ತೇರದಾಳ, ಹೆಸರು ಧರಣೆಪ್ಪ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಂದು ಸುತ್ತಿ ಸುತ್ತಿ ನೌಕರಿ ಮುಗಿಸಿದೆ. ಮುಂದೆ ಹೇಳುವ ಸಂಗತಿ ಯಾವ ಕಚೇರಿಯಲ್ಲಿ ನಡೆಯಿತು ಎಂಬುದನ್ನು ಮಾತ್ರ ಕೇಳಬೇಡಿ. ಅಲ್ಲಿ ನನ್ನ ಜೊತೆಯವರು ಇನ್ನೂ ಕುಳಿತಿದ್ದಾರೆ.

ಹಳೆಯ ಉತ್ತರ ಕೇಳುವವರ ಮೇಲೆ ನನಗೆ ಸಿಟ್ಟು ಬರುತ್ತದೆ. ಆಮೇಲೆ ನನ್ನ ಮೇಲೇ ಬರುತ್ತದೆ, ಯಾಕೆಂದರೆ ಅವರಿಗೆ ಈ ಚಟ ಹತ್ತಿಸಿದವನು ನಾನೇ. ನನ್ನ ಬಳಿ ಒಂದು ರೆಜಿಸ್ಟರ್ ಇತ್ತು. ಕುಡಿಯುವ ನೀರು, ರಸ್ತೆ, ಸ್ಮಶಾನ, ಶಾಲಾ ಕೊಠಡಿ ಎಂದು ವಿಷಯವಾರು ಉತ್ತರ ಬರೆದಿಟ್ಟಿದ್ದೆ. ಊರಿನ ಹೆಸರು ಬದಲಿಸಿದರೆ ಸಾಕು. ಅದನ್ನು ನೋಡಿ ಮೇಲಿನವರು ನನ್ನನ್ನು ಹೊಗಳುತ್ತಿದ್ದರು, ನಾನು ಉಬ್ಬುತ್ತಿದ್ದೆ.

ಈ ಕೆಲಸದ ಮೊದಲ ತಲೆನೋವು ಸಮಯ. ಪ್ರಶ್ನೆ ಬೆಂಗಳೂರು ಬಿಡುವಾಗ ಅದಕ್ಕೆ ಹತ್ತು ಹನ್ನೆರಡು ದಿನ ಆಯುಷ್ಯ ಇರುತ್ತದೆ. ಇಲಾಖೆ, ನಿರ್ದೇಶನಾಲಯ, ಜಿಲ್ಲೆ ಎಂದು ಪ್ರತಿಯೊಂದು ಟೇಬಲ್ಲೂ ಒಂದೆರಡು ದಿನ ನುಂಗಿ ಕೆಳಗೆ ತಳ್ಳುತ್ತದೆ. ನಮ್ಮ ಬಳಿ ಬರುವಾಗ ಅದರ ಮೇಲೆ ಕೆಂಪು ಶಾಯಿಯಲ್ಲಿ ‘ಇಂದು ಮಧ್ಯಾಹ್ನದೊಳಗೆ’ ಎಂದಿರುತ್ತದೆ. ಕೆಲವೊಮ್ಮೆ ಅದು ನಿನ್ನೆಯ ‘ಇಂದು’. ಮೂವತ್ತು ನಲವತ್ತು ಹಳ್ಳಿಗಳ ಮಾಹಿತಿ ಮಧ್ಯಾಹ್ನದೊಳಗೆ ಎಲ್ಲಿಂದ ತರುವುದು? ಯಾರೂ ತರುವುದಿಲ್ಲ. ಬರೆಯುತ್ತಾರೆ.

ವಾಟ್ಸ್ಯಾಪು, ಇ-ಆಫೀಸು ಬಂದ ಮೇಲೆ ಸುಧಾರಿಸಿತು ಎನ್ನುತ್ತಾರೆ. ಸುಧಾರಿಸಿದ್ದು ಬೈಗುಳದ ವೇಗ ಮಾತ್ರ. ಮೊದಲು ಬೈಗುಳ ಟಪಾಲಿನಲ್ಲಿ ಬರುತ್ತಿತ್ತು, ನಡುವೆ ಎರಡು ದಿನ ಉಸಿರಾಡಲು ಸಿಗುತ್ತಿತ್ತು. ಈಗ ಗ್ರೂಪಿನಲ್ಲಿ ನೂರು ಜನರ ಎದುರಿಗೆ, ನೀವು ತಿಂಡಿ ತಿನ್ನುತ್ತಿರುವಾಗಲೇ ಬರುತ್ತದೆ.

ಟೆಲಿಫೋನಿನಲ್ಲಿ ಪ್ರಶ್ನೆ ಬರೆಸುತ್ತಿದ್ದ ಕಾಲದಲ್ಲಿ ನಾನು ಮಾಡಿದ ಒಂದು ಘನಕಾರ್ಯ ಹೇಳಲೇಬೇಕು. ಜಿಲ್ಲೆಯಿಂದ ಒಬ್ಬರು ಓದಿ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಲೈನಿನಲ್ಲಿ ಗರಗರ ಸದ್ದು. “ತಾಲ್ಲೂಕಿನ ಕೆರೆಗಳಲ್ಲಿ ಹೂಳು ತುಂಬಿರುವುದು ಗಮನಕ್ಕೆ ಬಂದಿದೆಯೇ?” ಎಂದು ಅವರು ಹೇಳಿದರು. ನಾನು ‘ಹುಳು’ ಎಂದು ಬರೆದುಕೊಂಡೆ. ಕೆರೆಯಲ್ಲಿ ಹುಳು ಇರುವುದಕ್ಕೂ ಶಾಸಕರಿಗೂ ಏನು ಸಂಬಂಧ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಯೋಚನೆ ಮಾಡಲು ಯಾರಿಗೆ ಪುರುಸೊತ್ತು? ‘ತಾಲ್ಲೂಕಿನ ಯಾವುದೇ ಕೆರೆಯಲ್ಲಿ ಹುಳು ಕಂಡುಬಂದಿರುವುದಿಲ್ಲ’ ಎಂದು ಉತ್ತರ ಕಳಿಸಿದೆ. ನನ್ನ ಮೇಲಿನವರು ಸಹಿ ಹಾಕಿದರು, ಅವರ ಮೇಲಿನವರೂ ಹಾಕಿದರು. ಜಿಲ್ಲೆಯ ಟೈಪಿಸ್ಟ್ ಒಬ್ಬಳು ನಕ್ಕಿದ್ದರಿಂದ ಅದು ಸದನಕ್ಕೆ ಹೋಗುವುದು ತಪ್ಪಿತು. ಐದು ಸಹಿ ಬಿದ್ದ ಕಾಗದವನ್ನು ನಿಜವಾಗಿ ಓದಿದವಳು ಅವಳೊಬ್ಬಳೇ. ನನಗೆ ಮೆಮೊ ಬಂತು. ಅವಳಿಗೆ ಬಹುಮಾನ ಬರಬೇಕಿತ್ತು, ಬರಲಿಲ್ಲ.

ಅದಾದ ಮೇಲೆ ನಮ್ಮ ಕಚೇರಿಯ ಹಿರಿಯ ವ್ಯವಸ್ಥಾಪಕರೊಬ್ಬರು ನನ್ನನ್ನು ಕರೆದು ಕೂಡಿಸಿಕೊಂಡರು. ಬಾಯಲ್ಲಿ ಸದಾ ಎಲೆ ಅಡಿಕೆ. “ತಮ್ಮಾ, ನೀ ಭಾಳ ಬರೀತಿ. ಅದಕ್ಕ ಸಿಕ್ಕೊಳ್ತಿ. ಎಲ್‌ಎಕ್ಯು ಅಂದ್ರ ಏನು, ತಿಳ್ಕೊ. ಅ ಅಂತ ಒಂದು ಪ್ರಶ್ನೆ ಇರತೈತಿ: ಇಂಥಾದ್ದು ಸರ್ಕಾರದ ಗಮನಕ್ಕ ಬಂದೈತೇನು? ಆ ಅಂತ ಇನ್ನೊಂದು ಇರತೈತಿ: ಬಂದಿದ್ರ ಏನು ಮಾಡೀರಿ? ಅ-ಕ್ಕ ‘ಬಂದಿರುವುದಿಲ್ಲ’ ಅಂತ ಬರದಿ ಅಂದ್ರ ಆ-ಕ್ಕ ಏನು ಬರೀಬೇಕು?”

ನಾನು ಪೆನ್ನು ತೆಗೆದೆ.

“ಉದ್ಭವಿಸುವುದಿಲ್ಲ. ಬರೀ ಏಳ್ ಅಕ್ಷರ, ಮುಗೀತು. ಮಂತ್ರಿಗೂ ಚಿಂತಿಲ್ಲ, ನಿನಗೂ ಚಿಂತಿಲ್ಲ,” ಎಂದು ಅವರು ಕಿಟಕಿಯಿಂದ ಹೊರಗೆ ಉಗುಳಿ ಬಂದರು.

ಅಂದರೆ ಆ ಪ್ರಶ್ನೆಯೇ ಉದ್ಭವಿಸುವುದಿಲ್ಲ ಎಂದು ಅರ್ಥ. ನನಗೆ ಅದು ಮಂತ್ರದಂತೆ ಹತ್ತಿತು. ಎಷ್ಟು ಬರೆದೆನೆಂದರೆ ಜೊತೆಯವರು ನನಗೆ ‘ಉದ್ಭವಪ್ಪ’ ಎಂದು ಅಡ್ಡಹೆಸರಿಟ್ಟರು. ನಾನೂ ಅದನ್ನು ಬಿರುದೆಂದೇ ತಿಳಿದಿದ್ದೆ.

ಈಗ ಮುಖ್ಯ ಸಂಗತಿ. ಕೃಷ್ಣಾ ಹಿನ್ನೀರಿನಲ್ಲಿ ಊರು ಮುಳುಗಿದವರಿಗೆ ಕಟ್ಟಿಕೊಟ್ಟ ಪುನರ್ವಸತಿ ಕೇಂದ್ರಗಳು ನಮ್ಮ ಕಡೆ ಬಹಳ. ಅಂಥದೊಂದು ಕೇಂದ್ರ ಕಲ್ಲುದಿಬ್ಬದ ಮೇಲಿತ್ತು. ಅಲ್ಲಿ ನಿಂತರೆ ದೂರದಲ್ಲಿ ಹಿನ್ನೀರು ಹೊಳೆಯುವುದು ಕಾಣುತ್ತದೆ. ಊರನ್ನು ನುಂಗಿದ ಆ ನೀರು ಕಣ್ಣಿಗೆ ಮಾತ್ರ, ಕೊಡಕ್ಕೆ ಇಲ್ಲ. ಕೇಂದ್ರಕ್ಕಿದ್ದ ಒಂದೇ ಕೈಪಂಪು ಕೆಟ್ಟು ಹೋಗಿತ್ತು. ಜನ ತಳ್ಳುಗಾಡಿಯಲ್ಲಿ ಕೊಡ ಇಟ್ಟುಕೊಂಡು ಕೆಳಗಿನ ಕಬ್ಬಿನ ಹೊಲದ ಬೋರಿಗೆ ಹೋಗಬೇಕು. ಹೊಲದವನಿಗೆ ಮನಸ್ಸಿದ್ದು, ಕರೆಂಟೂ ಇದ್ದರೆ ನೀರು.

ಅವರು ಹೊಸ ಕೊಳವೆ ಬಾವಿ ಬೇಕೆಂದು ಒಂದು ಅರ್ಜಿ ಕೊಟ್ಟರು. ಅದನ್ನು ತೆಗೆದುಕೊಂಡವನು ನಾನು. ನಲವತ್ತಕ್ಕೂ ಹೆಚ್ಚು ಸಹಿ, ಹೆಬ್ಬೆಟ್ಟು. ಎಲ್ಲಕ್ಕಿಂತ ಮೇಲೆ, ಸ್ಕೆಚ್ ಪೆನ್ನಿನಲ್ಲಿ ಬರೆದ ‘ಭೀಮಪ್ಪ’ ಎಂಬ ದೊಡ್ಡ ದೊಡ್ಡ ಅಕ್ಷರ. ಆ ಸಹಿ ಎರಡು ಸಾಲು ಜಾಗ ತಿಂದಿತ್ತು. ಸಹಿ ಮಾಡುವುದನ್ನು ಹೊಸದಾಗಿ ಕಲಿತವನ ಕೈ ಎಂದು ನೋಡಿದ ಕೂಡಲೇ ತಿಳಿಯುತ್ತಿತ್ತು. ನಾನು ಅದನ್ನು ನೋಡಿ ನಕ್ಕೆ, ಸ್ವೀಕೃತಿ ಮುದ್ರೆ ಹೊಡೆದೆ, ಕಪಾಟಿನಲ್ಲಿಟ್ಟೆ.

ಕೆಲವು ತಿಂಗಳಿಗೆ ಅದೇ ವಿಷಯ ಪ್ರಶ್ನೆಯಾಗಿ ಬಂತು. ಜನ ಶಾಸಕರನ್ನು ಹಿಡಿದಿದ್ದರು, ಶಾಸಕರು ಸದನದಲ್ಲಿ ಕೇಳಿದ್ದರು. ಆಗಬೇಕಾದ ರೀತಿಯಲ್ಲೇ ಆಗಿತ್ತು, ನನ್ನ ಟೇಬಲ್ಲಿಗೆ ಬರುವ ತನಕ. ಅ) ಸದರಿ ಕೇಂದ್ರದಲ್ಲಿ ಕುಡಿಯುವ ನೀರಿನ ತೊಂದರೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಆ) ಬಂದಿದ್ದಲ್ಲಿ, ಹೊಸ ಕೊಳವೆ ಬಾವಿ ಕೊರೆಯಲು ಕೈಗೊಂಡ ಕ್ರಮವೇನು?

‘ಮಧ್ಯಾಹ್ನದೊಳಗೆ’ ಎಂದಿತ್ತು. ಅರ್ಜಿ ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ಬಂದಿದೆ ಎಂದು ಬರೆದರೆ ಕ್ರಮ ಏನು ಎಂದು ಬರೆಯಬೇಕು. ಕ್ರಮ ಏನೂ ಆಗಿಲ್ಲ. ಆಗಿಲ್ಲ ಎಂದರೆ ಏಕೆ ಆಗಿಲ್ಲ ಎಂದು ಮತ್ತೊಂದು ಪ್ರಶ್ನೆ. ನಾನು ಎರಡು ಸಾಲು ಬರೆದೆ. ಅ) ಬಂದಿರುವುದಿಲ್ಲ. ಆ) ಉದ್ಭವಿಸುವುದಿಲ್ಲ. ಬರೆದು ಚಹಾಕ್ಕೆ ಹೋದೆ. ಅಷ್ಟೇ ಆದದ್ದು. ಕೆಟ್ಟ ಕೆಲಸ ಮಾಡುತ್ತಿದ್ದೇನೆ ಎಂದು ಅನ್ನಿಸಿದ್ದರೆ ಇವತ್ತು ಹೇಳಿಕೊಳ್ಳಲು ಸ್ವಲ್ಪ ಮರ್ಯಾದೆಯಾದರೂ ಇರುತ್ತಿತ್ತು. ಅನ್ನಿಸಲಿಲ್ಲ.

ಆರು ವರ್ಷ ಕಳೆದವು. ನಾನು ಬೇರೆ ತಾಲ್ಲೂಕಿಗೆ ಹೋಗಿ ಮತ್ತೆ ಅದೇ ಕಚೇರಿಗೆ ಬಂದಿದ್ದೆ. ನಿವೃತ್ತಿಗೆ ಮೂರು ತಿಂಗಳು ಇತ್ತು. ಒಂದು ದಿನ ನಮ್ಮ ಸಾಹೇಬರು ಎಲ್ಲರನ್ನೂ ಕರೆದರು. ಪೂರ್ವ ಆಫ್ರಿಕಾದ ಒಂದು ದೇಶದಿಂದ ಸಂಸತ್ತಿನ ಸಮಿತಿಯೊಂದು ಬರುತ್ತಿದೆಯಂತೆ. ಮಂತ್ರಿಗಳು ಸದನದಲ್ಲಿ ಹೇಳಿದ್ದು, ಒಪ್ಪಿಕೊಂಡದ್ದು ನಿಜವಾಗಿ ನಡೆದಿದೆಯೇ ಎಂದು ಬೆನ್ನು ಹತ್ತಿ ನೋಡುವ ಸಮಿತಿ ಅದು. ನಮ್ಮಲ್ಲೂ ಅಂಥದಿದೆ, ಭರವಸೆಗಳ ಸಮಿತಿ. ನಮ್ಮ ಸದನದ ಪ್ರಶ್ನೆ ಹಳ್ಳಿಯ ತನಕ ಹೇಗೆ ಹೋಗುತ್ತದೆ ಎಂದು ನೋಡಲು ಅವರಿಗೆ ಬೆಂಗಳೂರಿನವರು ನಮ್ಮ ಕಡೆ ಬೆರಳು ತೋರಿಸಿದ್ದರು.

“ಆಫ್ರಿಕಾದವ್ರು ಪಾಪ, ಕಲಿಯಾಕ ಬರಾಕತ್ತಾರ,” ಎಂದರು ಸಾಹೇಬರು. “ಕಂಪ್ಯೂಟರ್ ರೂಮು ತೋರಸ್ರಿ. ಲೋಕಾಪುರ ಹಾದ್ಯಾಗ ಆ ಶುದ್ಧ ನೀರಿನ ಘಟಕ ಐತೆಲ್ಲ, ಅಲ್ಲಿ ಹಾರ ಹಾಕಸ್ರಿ. ಮಹಾಲಿಂಗಪುರದ ಬೆಲ್ಲ ಒಂದೊಂದು ಡಬ್ಬಿ ಕೊಟ್ಟು ಕಳಸ್ರಿ. ಮುಗೀತು.”

ಎರಡು ದಿನ ಗೋಡೆಗೆ ಸುಣ್ಣ, ಕುಂಡಗಳಿಗೆ ಕೆಮ್ಮಣ್ಣಿನ ಬಣ್ಣ. ಹತ್ತು ವರ್ಷದಿಂದ ಕೆಟ್ಟಿದ್ದ ಕಚೇರಿಯ ನಲ್ಲಿ ಒಂದೇ ದಿನದಲ್ಲಿ ರಿಪೇರಿ ಆಯಿತು. ಈ ದೇಶದಲ್ಲಿ ಕೆಲಸ ಆಗುವುದಿಲ್ಲ ಎನ್ನುವವರು ಹೊರಗಿನವರು ಬರುವ ಹಿಂದಿನ ದಿನ ಬಂದು ಒಮ್ಮೆ ನೋಡಬೇಕು.

ಬಂದವರು ಐದು ಜನ. ಮುಖ್ಯಸ್ಥೆ ಗ್ರೇಸ್ ಎಂಬ ಸಂಸದೆ. ಅರವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಮೊದಲು ಶಾಲಾ ಶಿಕ್ಷಕಿಯಾಗಿದ್ದವರು. ಹಾರ ಹಾಕಿಸಿಕೊಂಡು ನೇರ ಕೆಲಸಕ್ಕೆ ಕುಳಿತರು. ಕಂಪ್ಯೂಟರನ್ನು ಕಣ್ಣೆತ್ತಿ ನೋಡಲಿಲ್ಲ. ಉತ್ತರಗಳ ಹಳೆಯ ಕಡತ ಕೇಳಿದರು. “ಎಲ್ಲಕ್ಕಿಂತ ಚಿಕ್ಕ ಉತ್ತರ ಯಾವುದು, ಅದನ್ನು ತೋರಿಸಿ,” ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಸಾಹೇಬರು ಶುದ್ಧ ನೀರಿನ ಘಟಕದ ಫೋಟೊ ಮುಂದೆ ಮಾಡಿದರು. ಗ್ರೇಸ್ ನಕ್ಕು, ಅದನ್ನು ಪಕ್ಕಕ್ಕಿಟ್ಟರು. “ನನ್ನ ದೇಶದಲ್ಲೂ ಮೊದಲು ಫೋಟೊ ತೋರಿಸುತ್ತಾರೆ. ಒಮ್ಮೆ ಒಬ್ಬ ಮಂತ್ರಿ ಒಂದು ಊರಿನಲ್ಲಿ ಹೆರಿಗೆ ಆಸ್ಪತ್ರೆ ನಡೆಯುತ್ತಿದೆ ಎಂದು ಸದನದಲ್ಲಿ ಹೇಳಿದರು. ಫೋಟೊ ಕೂಡ ಇತ್ತು. ನಾವು ಹೋಗಿ ನೋಡಿದರೆ ಬಾಗಿಲು ಇತ್ತು, ಮುಂದೆ ಬೋರ್ಡು ಇತ್ತು, ಒಳಗೆ ಯಾರದೋ ಮೇಕೆಗಳಿದ್ದವು. ಅಂದಿನಿಂದ ನಮ್ಮ ಸಮಿತಿ ಒಂದು ಪದ್ಧತಿ ಇಟ್ಟುಕೊಂಡಿದೆ. ಉತ್ತರದ ಕಾಗದವನ್ನು ಆ ಊರಿಗೇ ತೆಗೆದುಕೊಂಡು ಹೋಗುತ್ತೇವೆ. ಆ ಜನರ ಎದುರಿಗೆ, ಅವರ ಭಾಷೆಯಲ್ಲಿ ಗಟ್ಟಿಯಾಗಿ ಓದಿಸುತ್ತೇವೆ. ಅವರು ಏನು ಹೇಳುತ್ತಾರೋ ಅದನ್ನು ಬರೆದುಕೊಂಡು ಬರುತ್ತೇವೆ.”

“ಹಾಗಾದರೆ ನಿಮ್ಮಲ್ಲಿ ಎಲ್ಲವೂ ಸರಿಯಾಗಿರಬೇಕು,” ಎಂದೆ ನಾನು, ನನ್ನ ಅಡ್ಡಾದಿಡ್ಡಿ ಇಂಗ್ಲಿಷಿನಲ್ಲಿ.

“ಎಲ್ಲಿಯದು! ನಮ್ಮ ವರದಿಗಳೂ ಕಪಾಟಿನಲ್ಲಿ ಮಲಗುತ್ತವೆ. ಒಂದೊಂದನ್ನು ಎಬ್ಬಿಸಲು ಎರಡು ಚುನಾವಣೆ ಬೇಕಾಗುತ್ತದೆ. ನನಗೂ ಸಿಟ್ಟು ಬರುತ್ತದೆ. ಆದರೆ ಒಮ್ಮೆ ಜನರ ಎದುರಿಗೆ ಓದಿದ ಉತ್ತರವನ್ನು ಮತ್ತೆ ಅದೇ ರೀತಿ ಬರೆಯಲು ಯಾರಿಗೂ ಧೈರ್ಯ ಬರುವುದಿಲ್ಲ.”

ಅಷ್ಟರಲ್ಲಿ ಅವರ ಜೊತೆಯವರು ಕಡತದಿಂದ ಒಂದು ಹಾಳೆ ತೆಗೆದಿದ್ದರು. ಎರಡೇ ಸಾಲಿನ ಉತ್ತರ. ಅದು ನಾನು ಬರೆದದ್ದೇ. ಏನು ಬರೆದಿದೆ ಎಂದು ಕೇಳಿದರು. ಎರಡನೆಯ ಸಾಲಿಗೆ ನಾನು “ಡಸ್ ನಾಟ್ ಅರೈಸ್” ಎಂದೆ. ಗ್ರೇಸ್ ಟೇಬಲ್ ಬಡಿದು ನಕ್ಕುಬಿಟ್ಟರು. “ಅದೇ ಮಾತು! ನಮ್ಮ ಸದನದಲ್ಲೂ ಅದೇ ಮಾತು! ನಿಮಗೂ ನಮಗೂ ಒಂದೇ ದೊರೆಗಳು ಇದನ್ನು ಕಲಿಸಿ ಹೋಗಿದ್ದಾರೆ. ನಡೆಯಿರಿ, ಇದೇ ಊರಿಗೆ ಹೋಗೋಣ.”

ಹಾದಿ ಕೆಟ್ಟಿದೆ ಎಂದರು ಸಾಹೇಬರು. ನಮ್ಮ ಹಾದಿಗಿಂತ ಕೆಟ್ಟಿರಲಾರದು ಎಂದರು ಗ್ರೇಸ್. ಊಟದ ಹೊತ್ತಾಯಿತು ಎಂದರು ಇವರು. ಬಂದ ಮೇಲೆ ಉಣ್ಣೋಣ ಎಂದರು ಅವರು. ಜೀಪಿನಲ್ಲಿ ಸಾಹೇಬರು ನನ್ನ ಕಿವಿಯಲ್ಲಿ, “ಧರಣೆಪ್ಪನವರ, ಈ ಉತ್ತರ ಬರದವ್ರು ಯಾರು?” ಎಂದರು. ನಾನೇ ಎಂದೆ. “ಹೌದು ಅನಬ್ಯಾಡ್ರಿ. ನಿಮಗ ಇನ್ನ ಮೂರು ತಿಂಗಳು ಐತಿ. ಹಳೇ ವಿಷಯ, ಗೊತ್ತಿಲ್ಲ ಅಂತ ಅನ್ರಿ. ಮಾತೆಲ್ಲ ನಾನು ಆಡ್ತೀನಿ.”

ಕೇಂದ್ರದಲ್ಲಿ ಸಾಲು ಮನೆಗಳು. ಕೆಲವಕ್ಕೆ ಬೀಗ. ಬೇವಿನ ಗಿಡದ ಕೆಳಗೆ ಜನ ಸೇರಿದರು. ಕೊಡಗಳಿದ್ದ ತಳ್ಳುಗಾಡಿ ನಿಲ್ಲಿಸಿ ಒಬ್ಬ ಹೆಂಗಸು ಮುಂದೆ ಬಂದಳು. ಕಲ್ಲವ್ವ ಎಂದು ಹೆಸರು, ಐವತ್ತು ದಾಟಿದವಳು. ಗ್ರೇಸ್ ಕಾಗದವನ್ನು ನನ್ನ ಕೈಗೆ ಕೊಟ್ಟು ಓದಲು ಹೇಳಿದರು. ನನ್ನ ಬರವಣಿಗೆಯನ್ನು ನಾನು ಅದಕ್ಕೆ ಮೊದಲು ಯಾರ ಎದುರಿಗೂ ಓದಿರಲಿಲ್ಲ. ಎರಡು ಪ್ರಶ್ನೆ, ಎರಡು ಉತ್ತರ ಓದಿದೆ.

ಜನ ಬೈಯುತ್ತಾರೆ ಎಂದುಕೊಂಡಿದ್ದೆ. ಯಾರೂ ಬೈಯಲಿಲ್ಲ. ಕಲ್ಲವ್ವ ತಲೆಯಾಡಿಸಿದಳು.

“ಅದು ನಮಗ ಗೊತ್ತೈತ್ರಿ. ಶಾಸಕರ ಕಡೇವ್ರು ಆಗ ಝೆರಾಕ್ಸ್ ತಂದು ಓದಿ ಹೇಳ್ಯಾರ. ಇಲ್ಲಿ ಬೋರು ಹಾಕಿದ್ರ ನೀರು ಉದ್ಭವ ಆಗಂಗಿಲ್ಲ ಅಂತ ಸರ್ಕಾರ ಬರದು ಕೊಟ್ಟೈತಲ್ರಿ. ಅದಕ್ಕ ನಾವು ಕೇಳೂದ ಬಿಟ್ವಿ. ಭೂಮ್ಯಾಗ ಇಲ್ಲದ್ದನ್ನ ಯಾರು ಕೊಡ್ತಾರ? ನಮ್ಮ ಮೈದುನ ಭೀಮಪ್ಪ ಆವತ್ತ ಹೇಳಿದ, ನೀರಿಲ್ಲದ ಜಾಗಾದಾಗ ಇದ್ದು ಏನ ಮಾಡೂದು ಅಂತ. ಹೆಂಡ್ತಿ ಮಗಳನ್ನ ಕರ್ಕೊಂಡು ಮಹಾಲಿಂಗಪುರಕ್ಕ ಹೋದ. ಅವನ ಹಿಂದ ಎಂಟು ಮನಿ ಹೋದ್ವು. ಬರೂ ವಾರ ನಾವೂ ಹೊಂಟೀವ್ರಿ. ಸಾಮಾನ ಕಟ್ಟೀನಿ.”

ನಾನು ಆ ಕಾಗದವನ್ನು ಮತ್ತೆ ನೋಡಿದೆ. ಕೊಳವೆ ಬಾವಿ ಕೊರೆಯುವ ಬಗ್ಗೆ ಪ್ರಶ್ನೆ. ಅದರ ಎದುರಿಗೆ ‘ಉದ್ಭವಿಸುವುದಿಲ್ಲ’. ಸರಿಯಾಗಿ ಓದಿದರೆ ಹಾಗೇ ಓದಬೇಕು! ಉದ್ಭವ ಎಂದರೆ ನಮ್ಮ ಜನಕ್ಕೆ ಗೊತ್ತಿರುವುದು ಉದ್ಭವ ಲಿಂಗ, ಬಂಡೆಯ ಸಂದಿನಲ್ಲಿ ಉದ್ಭವಿಸಿದ ನೀರು. ನೆಲದಿಂದ ಮೇಲೆ ಬರುವುದು. ಅವರು ತಪ್ಪು ತಿಳಿಯಲಿಲ್ಲ. ಕನ್ನಡವನ್ನು ಕನ್ನಡದ ಹಾಗೆ ಓದಿದರು, ಅಷ್ಟೇ. ಕನ್ನಡವಲ್ಲದ್ದನ್ನು ಬರೆದವನು ನಾನು. ಒಬ್ಬ ಎಂಜಿನಿಯರೂ ಆ ದಿಬ್ಬ ಹತ್ತಿ ಬಂದಿರಲಿಲ್ಲ, ಒಂದು ಅಡಿ ನೆಲ ಕೊರೆದಿರಲಿಲ್ಲ. ನನ್ನ ಏಳು ಅಕ್ಷರಕ್ಕೆ ಒಂಬತ್ತು ಮನೆ ಬೀಗ ಹಾಕಿಕೊಂಡು ಹೋಗಿದ್ದವು.

ಕಲ್ಲವ್ವ ಏನು ಹೇಳಿದಳೆಂದು ಗ್ರೇಸ್ ಕೇಳಿದರು. ಸಾಹೇಬರು ಇಂಗ್ಲಿಷಿನಲ್ಲಿ, “ಉತ್ತರದಿಂದ ಇವರಿಗೆ ಸಮಾಧಾನವಿದೆ,” ಎಂದರು.

“ಆಕೆ ಇಷ್ಟು ಹೊತ್ತು ಮಾತಾಡಿದಳು, ನೀವು ಒಂದೇ ವಾಕ್ಯ ಹೇಳಿದಿರಿ,” ಎಂದರು ಗ್ರೇಸ್. “ನಮ್ಮ ಜಿಲ್ಲಾಧಿಕಾರಿಗಳ ಅನುವಾದವೂ ಹೀಗೇ ಇರುತ್ತದೆ. ಓದಿದವರು ಹೇಳಲಿ.” ಅವರು ನನ್ನ ಕಡೆ ತಿರುಗಿದರು.

ನಾನು ಮೊದಲು ಕಲ್ಲವ್ವನ ಕಡೆ ತಿರುಗಿದೆ. “ಯಕ್ಕಾ, ಇದರಾಗ ಬರದದ್ದು ನೀರಿನ ಸುದ್ದಿ ಅಲ್ಲ. ನೀರು ಐತೋ ಇಲ್ಲೋ ಯಾರೂ ನೋಡೇ ಇಲ್ಲ. ಉದ್ಭವಿಸುವುದಿಲ್ಲ ಅಂದ್ರ, ಪ್ರಶ್ನೆ ಉದ್ಭವಿಸುವುದಿಲ್ಲ ಅಂತ.”

ಅವಳಿಗೆ ಅರ್ಥವಾಗಲಿಲ್ಲ. “ಪ್ರಶ್ನೆ ಉದ್ಭವ ಆಗಂಗಿಲ್ಲ ಅಂದ್ರ? ನಾವು ಕೇಳೀವಲ್ರಿ?”

ನನ್ನ ಇಡೀ ನೌಕರಿಯಲ್ಲಿ ಯಾವ ಸಾಹೇಬರೂ ನನಗೆ ಇಂಥ ಪ್ರಶ್ನೆ ಕೇಳಿರಲಿಲ್ಲ.

“ಅರ್ಜಿ ಕೊಟ್ಟಿದ್ವಿ,” ಎಂದಳು ಮತ್ತೆ. “ಎಲ್ಲಾರೂ ಸಹಿ ಮಾಡಿ ಕೊಟ್ಟಿದ್ವಿ. ಅದು ಎಲ್ಲಿ ಹೋತು?”

ಸಾಹೇಬರು ನನ್ನ ಕಾಲು ತುಳಿದರು. ಗಟ್ಟಿಯಾಗಿಯೇ ತುಳಿದರು.

“ಎಲ್ಲೂ ಹೋಗಿಲ್ಲ. ನನ್ನ ಕಪಾಟಿನ್ಯಾಗ ಐತಿ. ಉತ್ತರ ಬರದವನೂ ನಾನ,” ಎಂದೆ. ಅದನ್ನೇ ಗ್ರೇಸ್ ಅವರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಈ ಸಾರಿ ಅವರು ನಗಲಿಲ್ಲ. ತಮ್ಮ ಪುಸ್ತಕದಲ್ಲಿ ನಿಧಾನವಾಗಿ ಬರೆದುಕೊಂಡರು, ಕಲ್ಲವ್ವನ ಹೆಸರಿನ ಉಚ್ಚಾರ ಎರಡು ಸಲ ಕೇಳಿಕೊಂಡರು. ಕಲ್ಲವ್ವ ನನ್ನನ್ನು ಬೈಯಲಿಲ್ಲ. ನೋಡಿದಳು, ತಳ್ಳುಗಾಡಿ ತಳ್ಳಿಕೊಂಡು ಹೋದಳು. ಬೈದಿದ್ದರೆ ನನಗೆ ಅನುಕೂಲವಿತ್ತು.

ಮರುದಿನವೇ ನನಗೆ ನೋಟೀಸು. ವಿದೇಶಿ ನಿಯೋಗದ ಎದುರು ಇಲಾಖೆಯ ಘನತೆಗೆ ಧಕ್ಕೆ ತಂದದ್ದಕ್ಕೆ. ಅದರಲ್ಲೂ ಎರಡು ಭಾಗ. ಅ) ಸದರಿ ಅರ್ಜಿ ತಮ್ಮ ಗಮನಕ್ಕೆ ಬಂದಿತ್ತೇ? ಆ) ಬಂದಿದ್ದಲ್ಲಿ, ಮೇಲಧಿಕಾರಿಗಳಿಗೆ ಮಂಡಿಸದಿರಲು ಕಾರಣವೇನು? ಜೊತೆಯವರು ಬಿದ್ದು ಬಿದ್ದು ನಕ್ಕರು. “ಉದ್ಭವಪ್ಪಾ, ನಿನಗ ಉತ್ತರ ಯಾರು ಹೇಳಿಕೊಡಬೇಕು? ಬರಿ ನಿನ್ನ ಮಂತ್ರ, ಆರಾಮ ರಿಟೈರ್ ಆಗು.” ಅವರು ತಮಾಷೆಗೆ ಹೇಳಿದರೂ ಮಾತು ಖರೆ. ಹಳೆಯ ಟಪಾಲು ರೆಜಿಸ್ಟರನ್ನು ಗೆದ್ದಲು ತಿಂದಿತ್ತು, ಅರ್ಜಿ ಬಂದದ್ದಕ್ಕೆ ನನ್ನ ಕಪಾಟು ಬಿಟ್ಟು ಬೇರೆ ದಾಖಲೆ ಇರಲಿಲ್ಲ. ಬಂದಿರುವುದಿಲ್ಲ ಎಂದು ಬರೆದಿದ್ದರೆ ಯಾರೂ ಏನೂ ಮಾಡುವಂತಿರಲಿಲ್ಲ. ಮನೆಯವಳು ಕೂಡ ಅದನ್ನೇ ಹೇಳಿದಳು, ಮಕ್ಕಳ ಎದುರಿಗೆ ಅತ್ತು ಹೇಳಿದಳು.

ನಾನು ‘ಅ) ಬಂದಿತ್ತು’ ಎಂದು ಬರೆದೆ. ‘ಆ) ಕಾರಣವಿಲ್ಲ’ ಎಂದು ಬರೆದೆ. ಅರ್ಜಿಯ ನಕಲು ಜೊತೆಗಿಟ್ಟು ಸಹಿ ಮಾಡಿದೆ. ಇದರಲ್ಲಿ ಶೂರತನ ಏನೂ ಇಲ್ಲ. ನಾವು ಕೇಳೀವಲ್ರಿ ಎಂಬ ಮಾತು ಕಿವಿಯಲ್ಲಿ ಕುಳಿತುಬಿಟ್ಟಿತ್ತು, ಅಷ್ಟೇ. ಪಿಂಚಣಿ ಕಾಗದ ವರ್ಷದ ಮೇಲೆ ಓಡಾಡಿತು. ಬೀಳ್ಕೊಡುಗೆಗೆ ಸಾಹೇಬರು ಬರಲಿಲ್ಲ. ಬರದೇ ಇದ್ದದ್ದು ಒಳ್ಳೆಯದೇ ಆಯಿತು, ಅವರ ಭಾಷಣ ಬಹಳ ಉದ್ದ.

ಆದರೂ ಬೋರು ಬರಲಿಲ್ಲ. ನನ್ನ ‘ಬಂದಿತ್ತು’ ಇನ್ನೊಂದು ಕಪಾಟು ಸೇರಿ ಮಲಗಿತು. ನಾನು ನಿವೃತ್ತನಾಗಿ ಹೋಗಿ ಕೇಳಿದರೆ, ಪರಿಶೀಲನೆಯಲ್ಲಿದೆ ಎಂದರು. ಆ ಮಾತನ್ನು ನಾನೇ ಎಷ್ಟು ಸಲ ಬರೆದಿದ್ದೆ ಎಂದು ಲೆಕ್ಕವಿಲ್ಲ. ಕೇಳುವ ಕಡೆ ನಿಂತಾಗ ಅದು ಎಷ್ಟು ಅಸಹ್ಯ ಎಂದು ಗೊತ್ತಾಯಿತು. ಕಲ್ಲವ್ವನಿಗೆ, “ಸ್ವಲ್ಪ ತಡೀರಿ, ಹೋಗಬ್ಯಾಡ್ರಿ,” ಎಂದು ಹೇಳಿ ಬಂದಿದ್ದೆ. ಅವಳು ಕಟ್ಟಿದ ಗಂಟು ಬಿಚ್ಚಲಿಲ್ಲ, ಹೋಗಲೂ ಇಲ್ಲ. ನಾನು ಹೋದಾಗಲೆಲ್ಲ ಆ ಗಂಟುಗಳು ಬಾಗಿಲಲ್ಲೇ ಇರುತ್ತಿದ್ದವು.

ಗ್ರೇಸ್ ಬಂದು ಹೋದ ಎಂಟನೆಯ ತಿಂಗಳಿಗೆ ಕಚೇರಿಯಲ್ಲಿ ಭೂಕಂಪ. ಗ್ರೇಸ್ ಅವರ ಸಮಿತಿ ತನ್ನ ಪ್ರವಾಸದ ವರದಿಯನ್ನು ಅವರ ಸಂಸತ್ತಿನಲ್ಲಿ ಮಂಡಿಸಿತ್ತು. ಅದರಲ್ಲಿ ಕಲ್ಲವ್ವನ ಮಾತು ಅವಳ ಹೆಸರಿನೊಂದಿಗೆ ಇತ್ತು. ಅದರ ಒಂದು ಪ್ರತಿಯನ್ನು ಬೆಂಗಳೂರಿಗೆ ಕಳಿಸಿ, ಆ ಊರಿಗೆ ಮುಂದೇನಾಯಿತು ಎಂದು ಕೇಳಿದ್ದರು. ಬೆಂಗಳೂರಿನಿಂದ ಆ ಪ್ರಶ್ನೆ ನಮ್ಮ ತಾಲ್ಲೂಕಿಗೆ ಎರಡೇ ದಿನಕ್ಕೆ ಬಂತು. ನಲವತ್ತು ಜನರ ಸಹಿ ಆರು ವರ್ಷ ಮಾಡದ್ದನ್ನು, ನಮ್ಮದೇ ಸದನದ ಪ್ರಶ್ನೆ ಮಾಡದ್ದನ್ನು, ಸಮುದ್ರದಾಚೆಯ ಒಂದು ಸಂಸತ್ತಿನ ಪತ್ರ ಮಾಡಿತು. ಕಲಿಯಲು ಬಂದ ಪಾಪದವರ ಪತ್ರ! ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ಇವತ್ತಿಗೂ ನನಗೆ ತಿಳಿದಿಲ್ಲ.

ಬೋರಿನ ಲಾರಿ ದಿಬ್ಬ ಹತ್ತಿದ ದಿನ ನಾನೂ ಹೋಗಿದ್ದೆ. ಬೆಳಗಿನಿಂದ ಒಣ ಧೂಳು ಹಾರಿತು. ನೀರು ಬರದಿದ್ದರೆ ನನಗೆ ಪಾರಾಗಲು ಒಂದು ದಾರಿ ಇತ್ತು, ನಾನು ಬರೆದದ್ದು ಹೇಗೂ ಖರೆ ಆಯಿತಲ್ಲ ಎನ್ನಬಹುದಿತ್ತು. ಆ ಯೋಚನೆ ಒಂದು ಕ್ಷಣ ಬಂದದ್ದು ನಿಜ. ಮಧ್ಯಾಹ್ನದ ಹೊತ್ತಿಗೆ ಧೂಳು ಕೆಸರಾಯಿತು. ಆಮೇಲೆ ನೀರು ನುಗ್ಗಿ ಬಂತು. ಬಹಳ ಆಳಕ್ಕೂ ಹೋಗಬೇಕಾಗಲಿಲ್ಲ. ಜನ ಕೂಗಿದರು. ನಾನು ಬೇವಿನ ಗಿಡಕ್ಕೆ ಒರಗಿ ಕುಳಿತುಬಿಟ್ಟೆ. ಈ ನೀರು ಆರು ವರ್ಷವೂ ಇಲ್ಲೇ ಇತ್ತು ಎಂಬುದನ್ನು ಬಿಟ್ಟು ಬೇರೇನೂ ತಲೆಗೆ ಹೊಳೆಯಲಿಲ್ಲ.

ಕಲ್ಲವ್ವ ಒಂದು ತಂಬಿಗೆ ತುಂಬಿ ತಂದು ನನ್ನ ಮುಂದಿಟ್ಟಳು. “ತಿಳಿ ಆದ ಮ್ಯಾಲ ಕುಡೀರಿ. ಹೆಂಗೈತಿ ಹೇಳ್ರಿ.”

ಕುಡಿದೆ. “ಸ್ವಲ್ಪ ಸವಳು ಐತಿ ಯಕ್ಕಾ.”

“ಇರ್ಲಿ ಬಿಡ್ರಿ,” ಎಂದಳು. “ಮಹಾಲಿಂಗಪುರಕ್ಕ ಹೋಗಿ ನಮ್ಮ ಭೀಮಪ್ಪಗ ಹೇಳಿ ಬರ್ರಿ, ನೀರು ಬಂತು ಅಂತ. ನಾ ಹೇಳಂಗಿಲ್ಲ. ಬರದವ್ರು ನೀವು, ನೀವ ಹೇಳ್ರಿ.”

ಮರುದಿನ ತೇರದಾಳದಿಂದ ಬಸ್ಸು ಹತ್ತಿದೆ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಭೀಮಪ್ಪ ಬೆಲ್ಲದ ಅಂಗಡಿಯಲ್ಲಿ ಹಮಾಲಿ ಮಾಡುತ್ತಿದ್ದ, ಊಟಕ್ಕೆ ಬಂದಿದ್ದ. ನಾನು ಯಾರೆಂದು ಹೇಳಿದೆ. ನೀರು ಬಂದದ್ದು ಹೇಳಿದೆ. ‘ಉದ್ಭವಿಸುವುದಿಲ್ಲ’ ಎಂದು ಬರೆದದ್ದು ನೀರಿಗಲ್ಲ, ಪ್ರಶ್ನೆಗೆ ಎಂದೂ ಹೇಳಿದೆ. ಮರಳಿ ಊರಿಗೆ ಹೋಗಬಹುದು ಎಂದೆ. ಅವನು ಕೈ ಒರೆಸಿಕೊಳ್ಳುತ್ತ ಕೇಳಿದ. ಮಗಳ ಕಾಲೇಜು ಇಲ್ಲೇ ಹತ್ತಿದೆ, ಅಲ್ಲಿಯ ಮನೆಯ ಚಾವಣಿ ಕುಸಿದಿದೆ, ಇನ್ನು ಹೋಗುವುದು ಆಗದ ಮಾತು ಎಂದ. ಸಿಟ್ಟಿನಿಂದ ಹೇಳಲಿಲ್ಲ. ಉಳಿದ ಎಂಟು ಮನೆಗಳಲ್ಲಿ ಮೂರು ಮಾತ್ರ ಮರಳಿದವು ಎಂದು ಆಮೇಲೆ ತಿಳಿಯಿತು.

ನಾನು ಹೊರಡಲು ಎದ್ದೆ. ಅವನು ಬಾಗಿಲ ತನಕ ಬಂದ.

“ಅರ್ಜಿ ಮ್ಯಾಲ ಮೊದಲ್ನೇ ಸಹಿ ನಂದ ಇತ್ತರಿ,” ಎಂದ. “ಸಹಿ ಮಾಡೂದು ಅದಕ್ಕಂ‍ತ ಕಲ್ತಿದ್ದೆ. ನೀವು ನೋಡಿದ್ರೇನು?”

“ನೋಡಿದ್ದೆ,” ಎಂದೆ.

ಅವನು ಹಮಾಲಿಗೆ ಮರಳಲು ತಲೆಗೆ ವಸ್ತ್ರ ಸುತ್ತಿಕೊಂಡ.

“ಹಂಗಾರ ಪ್ರಶ್ನೆ ಉದ್ಭವ ಆಗಿತ್ತಲ್ರಿ,” ಎಂದ.